ಮೇಷ್ಟ್ರ ಬಲಗಾಲಿನ ಬೂಟು

ಮೆಕ್ಸಿಕೋದ ವೆರಾಕ್ರೂಸ್ ಬಂದರಿನ ದಾನ್ಸೋನ್ ಜೋಡಿಕುಣಿತದ ಲೋಕದಲ್ಲಿ ಮಾನ್ಯ ದೋನ್ ಎಪಿಫಾನಿಯೋ ಲಾಗುನೆಸ್ ಅವರ ಸ್ಥಾನವೇನು ಎಂಬುದನ್ನು ನಿರೂಪಿಸುವ ಭಾರವನ್ನು ಈ ಅಭಿನಂದನ ಸಂಪುಟದ ಸಂಪಾದಕರು ನನ್ನ ಹೆಗಲಿಗೆ ಹೊರಿಸಿದ್ದಾರೆ. ಅವರ 'ಗಾವಿಯೋತಾ' ವಾದ್ಯವೃಂದದಲ್ಲಿ ಅವರ ಎಡಗಡೆಯೇ ಕುಳಿತು ಮೂರೂವರೆ ದಶಕಕ್ಕೂ ಮಿಕ್ಕಿ ಕ್ಲಾರಿನೆಟ್ ನುಡಿಸಿದವನು ನಾನು. ಹತ್ತಿರದಿಂದ ಕಂಡವನೇ ಬರೆಯಲಿ ಎಂಬುದು ಸಂಪಾದಕರ ಸದಾಶಯ. ಅಷ್ಟು ಹತ್ತಿರ ಕುಳಿತವನ ಹೊಟ್ಟೆಯಲ್ಲಿ ಏನೇನು ಉರಿಯುತ್ತಿರುತ್ತದೆ ಎಂದು ಅವರು ಯೋಚಿಸಿದಂತಿಲ್ಲ. ನಾವೆಲ್ಲ ಮೇಷ್ಟ್ರು ಎಂದೇ ಕರೆಯುವ ಅವರಿಗೆ ಸಮನಾದ ವೃಂದನಾಯಕ ಈ ಕರಾವಳಿಯಲ್ಲಿ ಮತ್ತೊಬ್ಬರಿಲ್ಲ. ಇದನ್ನು ಬರೆಯುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿದೆ, ಆದರೂ ಅದು ನಿಜ.

ನಾವಿಬ್ಬರೂ ಲಾ ವಾಕಾ ಕೇರಿಯ ಮರದ ಮನೆಗಳಲ್ಲಿ ಬೆಳೆದವರು. ನಗರದ ಬ್ಯಾಂಡಿನಲ್ಲಿ ದೋನ್ ಕಾಸ್ತೂಲೋ ಎಂಬ ಒಬ್ಬರೇ ಗುರುಗಳ ಬಳಿ ಕಲಿತವರು. ಗುರುಗಳು ಎಲ್ಲರೆದುರು ಒಮ್ಮೆ ನನ್ನನ್ನು ತೋರಿಸಿ ಹೇಳಿದ್ದರು: "ತಿಬುರ್ಸಿಯೋ ಊದಿದ್ರೆ ಮೀನು ಕೂಡ ದಡಕ್ಕೆ ಬಂದು ಕೇಳುತ್ತೆ ಕಣ್ರೋ. ಎಪಿಫಾನಿಯೋ, ನಿನ್ನ ಟ್ರೊಂಬೋನ್ ಕೇಳಿದ್ರೆ ಹಡಗು ಹೊರಟಿತು ಅಂತ ಜನ ಗಂಟುಮೂಟೆ ಕಟ್ತಾರೆ." ಈ ಮಾತನ್ನು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಮೇಷ್ಟ್ರು ನನಗಿಂತ ಹೆಚ್ಚು ಸಲ, ನನಗಿಂತ ಚೆನ್ನಾಗಿ, ಹಡಗಿನ ಕೂಗನ್ನೂ ಸೇರಿಸಿ ಹೇಳಿದರು. ಜನ ನಕ್ಕು ಅವರನ್ನೇ ಇನ್ನಷ್ಟು ಹಚ್ಚಿಕೊಂಡರು.

ಪ್ರತಿ ದಾನ್ಸೋನ್ ಶುರುವಾಗುವ ಮುನ್ನ ಅದನ್ನು ನೆರೆದವರಲ್ಲಿ ಒಬ್ಬರಿಗೆ ಕೂಗಿ ಅರ್ಪಿಸುವುದು ನಮ್ಮಲ್ಲಿ ರೂಢಿ. ಆ ಕೂಗಿಗೆ ಮೇಷ್ಟ್ರದೇ ಗಂಟಲು ಬೇಕು. ನಾನು ವೃಂದಕ್ಕೆ ಸೇರಿದ ಮೊದಲ ಚಳಿಗಾಲ ಉತ್ತರದ ಗಾಳಿ ಎದ್ದು ನನ್ನ ಸ್ವರಹಾಳೆಗಳನ್ನೆಲ್ಲ ನಾವು ಗುರುವಾರ ನುಡಿಸುವ ಊರಚೌಕದ ತುಂಬ ಹಾರಿಸಿತು. ನಾನು ಬಾಗಿ, ಓಡಿ, ಹೆಂಗಸರ ಕಾಲಡಿಯಿಂದ ಹಾಳೆ ಹೆಕ್ಕುವಾಗ ಮೇಷ್ಟ್ರು ಕೂಗಿದರು: "ಕೇಳ್ರಪ್ಪೋ ಬಳಗದವರೇ! ಈ ದಾನ್ಸೋನು ಉತ್ತರದ ಗಾಳಿಯವರಿಗೆ, ಮತ್ತೆ ಅವರ ಜೊತೆ ಬಂದಿರೋ ಗೆಳೆಯರಿಗೆ!" ಚೌಕವೆಲ್ಲ ಗಾಳಿಯನ್ನು ನೋಡಿ ನಕ್ಕಿತು, ನನ್ನನ್ನು ನೋಡಿ ನಗಲಿಲ್ಲ. ನನ್ನ ಮಾನ ಉಳಿಯಿತು. ಚಪ್ಪಾಳೆ ಮಾತ್ರ ಅವರಿಗೆ ಹೋಯಿತು.

ನನ್ನ ನಿಜವಾದ ನೋವು ಬೇರೆಯೇ ಇದೆ. ದಾನ್ಸೋನ್‌ನಲ್ಲಿ ಪಲ್ಲವಿ ಮರಳಿದಾಗಲೆಲ್ಲ ಯಾರೂ ಕುಣಿಯುವುದಿಲ್ಲ. ಜೋಡಿಗಳು ಕೈ ಬಿಡಿಸಿ, ಬೀಸಣಿಗೆ ಬಿಚ್ಚಿ, ವೃಂದದ ಕಡೆ ತಿರುಗಿ ನಿಲ್ಲುತ್ತವೆ. ಆ ಪಲ್ಲವಿಯಲ್ಲಿ ಹಾಡುವುದು ಹೆಚ್ಚಾಗಿ ಕ್ಲಾರಿನೆಟ್ಟೇ, ಅಂದರೆ ನಾನೇ. ಆದರೆ ಅಷ್ಟೂ ವರ್ಷ, ಪ್ರತಿ ಗುರುವಾರ ಸಂಜೆ, ಅಷ್ಟೂ ಕಣ್ಣುಗಳು ನನ್ನ ಕಿವಿಯ ಪಕ್ಕದಿಂದ ಹಾದು ಮೇಷ್ಟ್ರ ಮೇಲೆ ಹೋಗಿ ಕೂರುತ್ತಿದ್ದವು. ಒಂದೇ ಒಂದು ಪಲ್ಲವಿಯಲ್ಲಾದರೂ ಈ ಊರು ನನ್ನನ್ನು ನೋಡಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಅವರು ಕೈಯಲ್ಲಿ ಕೋಲು ಹಿಡಿದವರಲ್ಲ. ಕಪ್ಪು-ಬಿಳುಪಿನ ಬೂಟು ಹಾಕಿದ ಬಲಗಾಲಿನ ತುದಿಯನ್ನು ನೆಲಕ್ಕೆ ಮೆಲ್ಲಗೆ ತಟ್ಟಿದರೆ ಇಡೀ ವೃಂದ ಉಸಿರು ತೆಗೆದುಕೊಳ್ಳುತ್ತಿತ್ತು. ನನ್ನ ಮನೆಯಾಕೆ ಸೊಕೋರ್ರೋ ಒಳ್ಳೆಯ ಕುಣಿತಗಾರ್ತಿ. ಅವಳಿಗೂ ಆ ಬೂಟೇ ದೇವರು. ಒಂದು ದಿನ ಗೋರ್ದಾ ರೊಟ್ಟಿ ಕರಿಯುತ್ತಿದ್ದವಳನ್ನು ಕೇಳಿಯೇಬಿಟ್ಟೆ, ನನ್ನ ಕ್ಲಾರಿನೆಟ್ ಹೇಗೆನ್ನಿಸುತ್ತದೆ ಎಂದು.

"ಕೇಳ್ತಾ ಇದ್ರೆ ಅಳು ಬರುತ್ತೆ ರೀ."

"ಮತ್ತೆ ಮೇಷ್ಟ್ರದು?"

"ಅವರದು ಕೇಳೋದೆಲ್ಲಿ ಬಂತು? ಕಾಲು ತಾನಾಗೇ ಹೋಗುತ್ತೆ. ಅತ್ಕೊಂಡು ಕುಣಿಯೋಕಾಗುತ್ತಾ ನೀವೇ ಹೇಳಿ. ಸರೀರಿ, ತಟ್ಟೆ ಹಿಡೀರಿ."

ತಟ್ಟೆ ಹಿಡಿದೆ. ಆ ರೊಟ್ಟಿ ನನಗೆ ಜೀರ್ಣವಾಗಲಿಲ್ಲ.

ಮೇಷ್ಟ್ರ ಉಪಕಾರಗಳಲ್ಲಿ ಒಂದನ್ನು ನಾನು ಹೇಳಲೇಬೇಕು. ನನ್ನ ಮುಂದಿನ ಹಲ್ಲು ಕಿತ್ತಾಗ, ಕಟ್ಟಿಸಿದ ಹಲ್ಲು ಹೊಂದುವವರೆಗೆ ತಿಂಗಳುಗಟ್ಟಲೆ ಊದುವಂತಿರಲಿಲ್ಲ. ಹಲಾಪಾ ಪಟ್ಟಣದಿಂದ ಒಬ್ಬ ತರುಣ ಕ್ಲಾರಿನೆಟ್ ಹಿಡಿದು ಬಂದ. ಮೇಷ್ಟ್ರು ಅವನಿಗೆ ಕಾಫಿ ಕುಡಿಸಿ, "ಕುರ್ಚಿ ಖಾಲಿ ಕಾಣ್ತಿದೆ ಅಷ್ಟೇ ಮಗು, ಖಾಲಿ ಇಲ್ಲ" ಎಂದು ವಾಪಸು ಕಳಿಸಿದರು. ಗುರುವಾರಗಳಂದು ನಾನು ಚೌಕದ ಅಂಚಿನ ಕಾಫಿ ಅಂಗಡಿಗಳ ಕಮಾನುಗಳ ಕೆಳಗೆ ಕೈಕಟ್ಟಿ ನಿಂತು ನನ್ನ ಖಾಲಿ ಕುರ್ಚಿಯನ್ನು ನೋಡುತ್ತಿದ್ದೆ. ಪಕ್ಕದ ಮೇಜಿನವರು "ಮೇಷ್ಟ್ರ ಮನಸ್ಸು ಎಷ್ಟು ದೊಡ್ಡದು ನೋಡಿ" ಅನ್ನುತ್ತಿದ್ದರು. ಕ್ಲಾರಿನೆಟ್ ಇಲ್ಲದೆ ಬಿಕೋ ಅನ್ನುತ್ತಿದೆ ಎಂದು ಒಬ್ಬನೂ ಅನ್ನಲಿಲ್ಲ. ಕೃತಜ್ಞತೆಯಿಂದ ಕಣ್ಣು ತುಂಬಿತ್ತು, ಹೊಟ್ಟೆಯಲ್ಲಿ ಬೆಂಕಿಯೂ ಬಿದ್ದಿತ್ತು.

ಕಳೆದ ವರ್ಷ ವೈದ್ಯರು ಮೇಷ್ಟ್ರ ಎದೆಗೆ ಕಿವಿಯಿಟ್ಟು, ಇನ್ನು ಟ್ರೊಂಬೋನ್ ಮುಟ್ಟಬೇಡಿ ಎಂದರು. ಮಾರನೆಯ ದಿನ ಅವರು ನನ್ನನ್ನು ಕಾಫಿಗೆ ಕರೆದರು. ಕುಳಿತ ಮೇಲೆ, ಹಾಲು ಹೊಯ್ಯುವವನನ್ನು ಕರೆಯಲು ಚಮಚದಿಂದ ಗಾಜಿನ ಲೋಟವನ್ನು ಟಿಣ್ ಎನ್ನಿಸಿದರು. ಅದರಲ್ಲೂ ಲಯ ಇತ್ತು.

"ಬರೋ ಗುರುವಾರದಿಂದ ವೃಂದದ ಮುಂದೆ ನೀನೇ ನಿಂತ್ಕೊಳಯ್ಯಾ," ಎಂದರು.

"ಜನ ನನ್ನ ನೋಡಲ್ಲ ಮೇಷ್ಟ್ರೇ."

"ಅದಕ್ಯಾಕೆ ಇಷ್ಟು ಮುಖ ಊದಿಸ್ಕೊಂಡಿದ್ದೀಯ? ಊದೋದನ್ನ ಕ್ಲಾರಿನೆಟ್‌ಗೆ ಇಟ್ಕೊ ಮಾರಾಯ."

ಆ ಗುರುವಾರ ನನ್ನ ಮೊದಲ ಕೂಗನ್ನು ಅವರಿಗೇ ಅರ್ಪಿಸಿದೆ: "ಈ ದಾನ್ಸೋನು ನಮ್ಮ ಮೇಷ್ಟ್ರಿಗೆ, ಮತ್ತೆ ಅವರ ಜೊತೆ ಬಂದಿರೋ ಗೆಳೆಯರಿಗೆ!" ಗಂಟಲು ಸಾಕಷ್ಟು ಏಳಲಿಲ್ಲ. ಅವರು ಎದುರಿನ ಸಾಲಿನಲ್ಲಿ ಪತ್ನಿ ದೋನ್ಯಾ ಎರ್ಮೆಲಿಂದಾ ಅವರೊಡನೆ ಕುರ್ಚಿಯಲ್ಲಿ ಕುಳಿತಿದ್ದರು. ಕುಣಿತ ಸಾಗಿತು, ಪಲ್ಲವಿ ಮರಳಿತು. ಜೋಡಿಗಳು ನಿಂತು, ಬೀಸಣಿಗೆ ಬಿಚ್ಚಿ, ತಿರುಗಿದವು. ತಿರುಗಿದ್ದು ಆ ಕುರ್ಚಿಯ ಕಡೆಗೆ! ಚೌಕದ ತುಂಬ ಬೆನ್ನುಗಳು ನನ್ನನ್ನು ನೋಡುತ್ತಿದ್ದವು. ತಾಳವಾದ್ಯದ ಚೇಮಾ ಕೂಡ ನನ್ನ ಕೈ ಬಿಟ್ಟು ಎದುರು ಕುಳಿತ ಮೇಷ್ಟ್ರ ಬೂಟನ್ನು ನೋಡಿಕೊಂಡು ಬಾರಿಸುತ್ತಿದ್ದ. ಬರಿಯ ಸಂಕಟದ ಬಲದಿಂದ ಮುಂದಿನ ಭಾಗ ನುಡಿಸಿದೆ.

ಆಗ ಮೇಷ್ಟ್ರು ಎದ್ದರು. ದೋನ್ಯಾ ಎರ್ಮೆಲಿಂದಾ ಅವರ ಕೈ ಹಿಡಿದು ಕುಣಿಯುವವರ ನಡುವೆ ಬಂದು, ಎದೆನೋವಿನ ಮನುಷ್ಯನಿಗೆ ತಕ್ಕಷ್ಟೇ ನಾಲ್ಕು ಹೆಜ್ಜೆ ಹಾಕಿದರು. ಪಲ್ಲವಿ ಮತ್ತೆ ಬಂದಾಗ ನಿಂತರು, ವೃಂದದ ಕಡೆ ತಿರುಗಿದರು, ಟೋಪಿ ತೆಗೆದು ಎದೆಗಿಟ್ಟುಕೊಂಡು ನನ್ನನ್ನೇ ನೋಡಿದರು. ಅವರು ನೋಡಿದಲ್ಲಿ ಊರು ನೋಡಿತು. ಮೊದಲ ಸಲ ಅಷ್ಟೂ ಮುಖಗಳು ನನ್ನ ಕಡೆಗಿದ್ದವು. ಸೊಕೋರ್ರೋ ಕೂಡ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆ ಮುಖಗಳ ಅಮಲಿನಲ್ಲಿ ನಾನು, ಪ್ರತಿ ಬಾರಿ ಮರಳಿದಾಗ ಎರಡೇ ಸಲ ನುಡಿಸಬೇಕಾದ ಪಲ್ಲವಿಯನ್ನು ಮೂರನೆಯ ಸಲವೂ ಎತ್ತಿಕೊಂಡೆ. ಕುಣಿಯಬೇಕೋ ನಿಲ್ಲಬೇಕೋ ತಿಳಿಯದೆ ಕೆಲವರು ಕಾಲೆತ್ತಿ ಇಳಿಸಿದರು. ಹೊರಬರುವ ದಾರಿ ನನಗೂ ತಿಳಿಯಲಿಲ್ಲ. ಮೇಷ್ಟ್ರು ಕಣ್ಣು ಕದಲಿಸದೆ ಬಲಗಾಲಿನ ತುದಿಯನ್ನು ನೆಲದ ಕಲ್ಲಿಗೆ ಮೆಲ್ಲಗೆ ತಟ್ಟಿದರು. ಅದನ್ನು ಹಿಡಿದು ಮುಂದಿನ ಭಾಗಕ್ಕೆ ದಾಟಿಕೊಂಡೆ. ಆಮೇಲೆ ಕಮಾನುಗಳ ಕೆಳಗೆ ಅವರು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು: "ತಿಬುರ್ಸಿಯೋ ಬೇಕಂತಲೇ ಮೂರನೇ ಸಲ ಎತ್ತಿದ. ಅವನ ಕ್ಲಾರಿನೆಟ್ಟು ಇನ್ನೊಂದು ಗಳಿಗೆ ಕೇಳಿಸ್ಕೊಳ್ಳಿ ಅಂತ." ಇಷ್ಟು ಚಂದದ ಸುಳ್ಳು ನನಗೆ ಹೊಳೆಯುತ್ತಿರಲಿಲ್ಲ. ಅದಕ್ಕೂ ಹೊಟ್ಟೆಕಿಚ್ಚಾಯಿತು.

ಮೇಷ್ಟ್ರ ಎದೆಗೆ ಉಸಿರೂ ಮೊಣಕಾಲಿಗೆ ಬಲವೂ ತುಂಬಿರಲಿ. ಈ ಬಂದರಿನ ಗುರುವಾರಗಳು ಇನ್ನೂ ಬಹುಕಾಲ ಅವರನ್ನು ಮನೆಯಿಂದ ಎಳೆದು ತರಲಿ. ನಿವೃತ್ತರಾದವರು ಕೆಲಸ ಬಿಡಬೇಕೆಂದೇನೂ ಇಲ್ಲ. ಅವರ ಕುರ್ಚಿಯನ್ನು ಈಗ ಬಲಗಡೆಯ ತಾಳೆಮರದ ಪಕ್ಕಕ್ಕೆ ಹಾಕಿಸಿದ್ದೇನೆ. ಅಲ್ಲಿ ಕುಳಿತರೆ ಅವರ ಬೂಟು ಚೇಮಾನಿಗೆ ಕಾಣುವುದಿಲ್ಲ, ಬೇರೆ ಯಾವ ವಾದಕನಿಗೂ ಕಾಣುವುದಿಲ್ಲ. ನಾನು ನಿಲ್ಲುವ ಜಾಗಕ್ಕೆ ಮಾತ್ರ ಕಾಣುತ್ತದೆ.