ನಾನು ಬೆಚ್ಚಗೆ ಮಾಡಿದ ಕೋಳಿಗೂಡು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನಮ್ಮಜ್ಜಿ ಹೇಳುತ್ತಾಳೆ, ಅವಳು ಹೇಳಿದರೆ ಉಪ್ಪುಖಾರ ಸೇರಿಸಿ ಹೇಳುತ್ತಾಳೆ. ಚಳಿಗೆ ಕೋಳಿಗೂಡು ಬೆಚ್ಚಗಿರಲಿ ಎಂದು ಹೊರಟವನು ನಾನು. ಎರಡೇ ದಿನದಲ್ಲಿ ಕೋಳಿಗಳಿಗೆ ಉಸಿರು ಕಟ್ಟಿಸಿದವನೂ ನಾನೇ. ಅದೂ ಯಾವ ಮನೆಯಲ್ಲಿ? ತಲೆಯ ಮೇಲೆ ಕೊಬ್ಬರಿ ಅಟ್ಟ ಇಟ್ಟುಕೊಂಡೇ ನಾನು ಹುಟ್ಟಿ ಬೆಳೆದ ಮನೆಯಲ್ಲಿ.

ಹಿತ್ತಲ ಗೂಡಿನಲ್ಲಿ ಇದ್ದದ್ದು ನಾಲ್ಕು ಹ್ಯಾಟೆ, ಒಂದು ಹುಂಜ. ಬೂದು ಚುಕ್ಕೆಯ ಹ್ಯಾಟೆ ಅತ್ತಿಗೆಯದು. ಮದುವೆಯಾಗಿ ಬಂದ ವರ್ಷ ಹುಳಿಯಾರು ಕಡೆಯ ತವರಿನಿಂದ ಅದನ್ನು ಬಿದಿರಿನ ಮಂಕರಿಯಲ್ಲಿ ಕೂರಿಸಿಕೊಂಡು ತಂದಿದ್ದರು. ಅಣ್ಣನಿಗಿಂತ ಅದರ ಮೇಲೇ ಅವರಿಗೆ ಪ್ರೀತಿ ಎಂದು ನಾನು ರೇಗಿಸುತ್ತಿದ್ದೆ. ಅಣ್ಣ ಅದನ್ನು ತಮಾಷೆ ಅಂದುಕೊಂಡಿದ್ದ. ಇದು ನಡೆದ ವರ್ಷ ಮಳೆಗಾಲದಲ್ಲಿ ಕೊಕ್ಕರೆ ರೋಗ ಬಂದು ತವರಿನ ಕೋಳಿಗಳೆಲ್ಲ ಹೋದವು. ಅವರವ್ವ ಸಾಕಿಕೊಂಡು ಬಂದ ಆ ಜಾತಿಯಲ್ಲಿ ಉಳಿದದ್ದು ನಮ್ಮ ಹಿತ್ತಲಿನ ಇದೊಂದೇ. ಕಾರ್ತಿಕ ಕಳೆದ ಮೇಲೆ ಅದು ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂತಿತು. ಮರಿ ಉಳಿದರೆ ಒಂದು ಜೋಡಿ ತಂದುಕೊಡುತ್ತೇನೆ ಎಂದು ಅತ್ತಿಗೆ ಫೋನಿನಲ್ಲಿ ಅವ್ವನಿಗೆ ಮಾತು ಕೊಟ್ಟರು. ಮಾತು ಕೊಡುವುದು ಸುಲಭ. ಚಿಕ್ಕನಾಯಕನಹಳ್ಳಿ ಗುಡ್ಡದ ಕಡೆಯಿಂದ ಬೆಳಗಿನ ಹೊತ್ತು ಬರುವ ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. ಹಿಂದಿನ ವರ್ಷ ಇದೇ ಕಾಲದಲ್ಲಿ ಎದ್ದ ಮರಿಗಳಲ್ಲಿ ಒಂದೂ ಚಳಿಗೆ ಉಳಿದಿರಲಿಲ್ಲ.

"ನನಗೆ ಬುಡಿ ಅತ್ಗೆಮ್ಮ" ಅಂದೆ. ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕಿತ್ತು. ಮೊಣಕಾಲುದ್ದ ಹಿಮದಲ್ಲಿ ನಿಂತ ವಿದೇಶಿ ತಾತನೊಬ್ಬ ಚಳಿಗಾಲಕ್ಕೆ ಕೋಳಿಗೂಡು ಸಿದ್ಧ ಮಾಡುವುದು. ಗಾಳಿ ನುಗ್ಗುವ ಸಂದುಗೊಂದನ್ನೆಲ್ಲ ಮುಚ್ಚಿ ಎನ್ನುವವರೆಗೆ ಶ್ರದ್ಧೆಯಿಂದ ನೋಡಿದೆ. ಆಮೇಲೆ ಆ ತಾತ ಮೂಗಿನಲ್ಲಿ ಮಾತಾಡುವ ಚೆಂದಕ್ಕೆ ಮರುಳಾಗಿ, ಅವನ ದನಿಯಲ್ಲಿ ಅಜ್ಜಿಗೆ ಮುದ್ದೆ ನುಂಗುವ ವಿಧಾನವನ್ನು ವಿವರಿಸತೊಡಗಿದೆ. ಅಜ್ಜಿ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆಅಡಿಕೆ ಅಂಗಳಕ್ಕೆ ಬಿತ್ತು. ಅಷ್ಟರಲ್ಲಿ ವಿಡಿಯೊ ತನ್ನ ಪಾಡಿಗೆ ಓಡಿ ಮುಗಿದಿತ್ತು.

ಗೊಬ್ಬರದ ಖಾಲಿ ಚೀಲಗಳನ್ನು ಹಲಗೆ ಸಂದಿಗೆ ತುರುಕಿದೆ. ಮೇಲೆ ಸೂರಿನ ತಗಡಿನ ಶೀಟು ಸಮೇತ ನೀಲಿ ಟಾರ್ಪಾಲು ಸುತ್ತಿ ನಾರಿನ ಹಗ್ಗದಲ್ಲಿ ಬಿಗಿದೆ. ದೇವಸ್ಥಾನದ ಹುಂಡಿಯೂ ಅಷ್ಟು ಭದ್ರವಾಗಿರಲಾರದು.

"ಗಾಳಿ ಆಡಾಕೆ ಏನಾರ ಬುಟ್ಟಿದ್ದೀಯೇನಪ್ಪ?" ಅತ್ತಿಗೆ ಕೇಳಿದರು.

"ನೋ ಗಾಳಿ, ನೋ ಚಳಿ, ಮೇಡಮ್" ಅಂದೆ, ಮೂಗಿನಲ್ಲೇ. ನಕ್ಕು ಒಳಗೆ ಹೋದರು.

ಮೂರನೆಯ ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಕಣ್ಣು ಉರಿಯುವ ಘಾಟು. ಶೀಟಿನ ಒಳಮೈಯಿಂದ ಟಪಟಪ ಹನಿ ಬೀಳುತ್ತಿದೆ. ಹಾಸಿದ್ದ ಹುಲ್ಲು ಹಿಂಡಿದರೆ ನೀರು. ಹುಂಜ ಹೊರಗೆ ಬಂದು ಕತ್ತು ಚಾಚಿ ಕೂಗಿತು. ಹೊರಟದ್ದು ತುಕ್ಕು ಹಿಡಿದ ಗೇಟಿನ ದನಿ. ನನ್ನ ಬಾಯಿ ಸುಮ್ಮನಿರುತ್ತದೆಯೇ? ಅದರ ಹಾಗೇ ಕೂಗಿ ತೋರಿಸಿದೆ. ನನ್ನ ಅಣಕಕ್ಕೆ ಮನೆಯಲ್ಲಿ ಯಾವಾಗಲೂ ಮೊದಲು ನಗುವವರು ಅತ್ತಿಗೆ. ಅವರು ನಗಲಿಲ್ಲ. ಬಗ್ಗಿ, ಮೊಟ್ಟೆಯ ಮೇಲೆ ಮುದುಡಿ ಕೂತಿದ್ದ ಚುಕ್ಕೆ ಹ್ಯಾಟೆಯ ರೆಕ್ಕೆ ಮುಟ್ಟಿ ನೋಡಿ, ತೇವದ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ನಮ್ಮವ್ವಂಗೆ ಏನಂತ ಹೇಳ್ಲಿ?"

ನಾನು ಬಾಗಿಲ ಪಕ್ಕದ ಸಂದಿಗೆ ತುರುಕಿದ್ದ ಚೀಲವೊಂದನ್ನು ಎಳೆದು ಹೊರಗೆ ಹಾಕಿದೆ.

ಅಜ್ಜಿ ಕೋಲೂರಿಕೊಂಡು ಬಂದು ಗೂಡಿನೊಳಗೆ ಇಣುಕಿದಳು. ಬೈಯಲಿಲ್ಲ, ಪ್ರಶ್ನೆ ಕೇಳಿದಳು. ಅದು ಬೈಗುಳಕ್ಕಿಂತ ಕಷ್ಟ.

"ಲೇ, ನಿಮ್ಮಪ್ಪ ಅಟ್ಟಕ್ಕೆ ಗಳ ಹೆಂಗೆ ಹಾಸವ್ನೆ?"

"ಸಂದಿ ಬುಟ್ಟು."

"ಯಾಕ್ಲಾ?"

"ಗಾಳಿ ಆಡ್ಲಿ ಅಂತ. ಇಲ್ದಿದ್ರೆ ಕಾಯಿ ಬೆವತು ಕೊಳೀತವೆ."

"ವರ್ಸಗಟ್ಲೆ ಸುಮ್ಕೆ ಬಿದ್ದಿರೋ ಕಾಯಿಗೇ ಗಾಳಿ ಬೇಕು. ಕೋಳಿ ಅದಕ್ಕಿಂತ ಕಡೆಯಾಯ್ತೇನ್ಲಾ? ಇದಕ್ಕೆ ಮೂಗೂ ಐತೆ!"

ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದೇ ಹಾಗೆ. ಇಡೀ ಕಾಯಿಯನ್ನು ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ತಾನಾಗಿ ಆರುವವರೆಗೆ ಕಾಯಬೇಕು. ಅಪ್ಪ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳುವುದನ್ನು ನಾನು ಎಷ್ಟು ಸಲ ಅಣಕಿಸಿಲ್ಲ! ಅಣಕಿಸುವುದಕ್ಕೆ ನೋಡಿದ್ದೆ, ಕಲಿಯುವುದಕ್ಕಲ್ಲ.

ಅವತ್ತೇ ಟಾರ್ಪಾಲು ಕಿತ್ತೆವು. ಅಜ್ಜಿ ಕಲ್ಲಿನ ಮೇಲೆ ಕೂತು ಮೇಸ್ತ್ರಿಕೆ ಮಾಡಿದಳು. ಗಾಳಿ ಬಡಿಯುವ ಮಗ್ಗುಲಿಗೆ ಹೆಣೆದ ತೆಂಗಿನ ಗರಿ ಎರಡು ಪದರ, ಮಿಕ್ಕ ಕಡೆ ಒಂದು. ಕೋಳಿಯ ತಲೆಗಿಂತ ಮೇಲೆ, ಶೀಟಿನ ಕೆಳಗೆ, ಸುತ್ತಲೂ ಒಂದು ಗೇಣು ಸಂದಿ ಬಿಟ್ಟು, ಅದಕ್ಕೆ ಕಾಡುಬೆಕ್ಕು ನುಗ್ಗದ ಹಾಗೆ ತಂತಿ ಜಾಲರಿ. ನೆಲಕ್ಕೆ ಒಣಗಿದ ನಾರಿನ ಪುಡಿ, ಅದರ ಮೇಲೆ ಬಿಸಿಲಿಗೆ ಹರಡಿದ ರಾಗಿ ಹುಲ್ಲು. ಕೂರುವುದಕ್ಕೆ ಗರಿಯ ಬುಡದ ಅಗಲವಾದ ದಿಂಡು. ಅಗಲವಿದ್ದರೆ ಕೋಳಿ ಕಾಲನ್ನು ಪುಕ್ಕದೊಳಗೆ ಮುಚ್ಚಿಕೊಂಡು ಕೂರುತ್ತದಂತೆ. ಅತ್ತಿಗೆ ಚುಕ್ಕೆ ಹ್ಯಾಟೆಯನ್ನು ಎಬ್ಬಿಸದೆ ಅದರ ಅಡಿಯ ಒದ್ದೆ ಹುಲ್ಲನ್ನು ಎಳೆ ಎಳೆಯಾಗಿ ತೆಗೆದು ಒಣ ಹುಲ್ಲು ಸೇರಿಸಿದರು. ಅದು ಎರಡು ಸಲ ಕುಕ್ಕಿತು. ಕುಕ್ಕುವಷ್ಟು ಶಕ್ತಿ ಇದೆಯಲ್ಲ ಎಂದು ಅವರ ಮುಖ ಸ್ವಲ್ಪ ಅರಳಿತು.

ಸಂಜೆ ನಾನು ಆ ವಿಡಿಯೊದ ಉಳಿದರ್ಧವನ್ನು ಬಾಯಿ ಮುಚ್ಚಿಕೊಂಡು ನೋಡಿದೆ. ಹಿಮದ ತಾತ ಸೂರಿನ ಕೆಳಗಿನ ಕಂಡಿಗೆ ಬೆರಳು ತೋರಿಸಿ, ನಮ್ಮಜ್ಜಿ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

ವಾರದಲ್ಲಿ ಹುಂಜದ ಗಂಟಲು ತೆರೆಯಿತು. ಆಮೇಲೆ ಒಂದು ಬೆಳಗ್ಗೆ ಅತ್ತಿಗೆ ಹಿತ್ತಲಿನಿಂದ ಪಿಸುಗುಟ್ಟಿದರು: "ಬಾ ಇಲ್ಲಿ. ಬಾಯಿ ಮುಚ್ಕೊಂಡು ಬಾ." ಹ್ಯಾಟೆಯ ಹೊಟ್ಟೆಯಡಿಯಿಂದ ಚಿಂವ್ ಎಂದು ಒಂದೇ ದನಿ. ನಾನು ಅಣಕಿಸಲಿಲ್ಲ. ಹನ್ನೊಂದರಲ್ಲಿ ಎಂಟು ಮರಿಯಾದವು. ಪುಷ್ಯದಲ್ಲಿ ಮಂಜು ತೋಟದ ಮರಗಳನ್ನೇ ನುಂಗಿದ ಬೆಳಗುಗಳಲ್ಲೂ ಅತ್ತಿಗೆ ಬಾಗಿಲು ತೆಗೆದು ಎಣಿಸುತ್ತಿದ್ದರು, ಎಂಟೇ ಇರುತ್ತಿದ್ದವು. ಒಂದು ದಿನ ಬಿಸಿಲು ಏರಿದ ಮೇಲೆ ಒಂದನ್ನು ಹದ್ದು ಒಯ್ದಿತು. ಚಳಿ ಒಂದನ್ನೂ ಒಯ್ಯಲಿಲ್ಲ.

ಶಿವರಾತ್ರಿ ಕಳೆದು, ಬೆಳೆದ ಜೋಡಿಯನ್ನು ಅದೇ ಮಂಕರಿಯಲ್ಲಿ ಕೂರಿಸಿಕೊಂಡು ಅತ್ತಿಗೆ ತವರಿಗೆ ಹೊರಟರು. ಬಸ್‌ಸ್ಟಾಪಿನವರೆಗೆ ಹೊತ್ತವನು ನಾನು. ದಾರಿಯುದ್ದಕ್ಕೂ ಸುಮ್ಮನಿರಲಿಲ್ಲ. ಕಂಡಕ್ಟರನಾಗಿ ಕೋಳಿಗೆ ಅರ್ಧ ಟಿಕೆಟ್ ಹರಿದೆ, ಅಜ್ಜಿಯಾಗಿ ಬೈದೆ, ಗಂಟಲು ಕಟ್ಟಿದ ಹುಂಜವಾಗಿ ಕೂಗಿದೆ. ಬಸ್ಸು ಬಂತು. ಅತ್ತಿಗೆ ಹತ್ತಿ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡ ಮೇಲೂ ಕಿಟಕಿಗೆ ಜೋತುಬಿದ್ದು, "ಗೂಡು ಕಟ್ಟಿದ್ದು ನಾನೇ ಅಂತ ನಿಮ್ಮವ್ವಂಗೆ ಮರೀದೆ ಹೇಳಿ ಅತ್ಗೆಮ್ಮ, ಆ ಹಿಮದ ತಾತ ಏನಂದ ಅಂದ್ರೆ..." ಎಂದು ಮೂಗಿನ ದನಿ ಶುರು ಮಾಡಿದೆ.

ಅತ್ತಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಗೂಡಿಗೆ ಬುಟ್ಟಂಗೆ ನಿನ್ನ ಮಾತ್ಗೂ ಒಂದು ಗೇಣು ಸಂದಿ ಬುಡಪ್ಪ, ನಾವೂ ಒಸಿ ಉಸಿರಾಡ್ಕೋತೀವಿ!"