ನಮ್ಮ ಮನೆ ಲೈನ್ ಕತ್ತರಿಸಿದವರು

ಹೋದ ವಾರ ಸಂಪಾದಕರು ಫೋನಿನಲ್ಲೇ ಗದರಿದರು: “ಸಂಜೆ ಆರರೊಳಗೆ ಲೇಖನ ಬರದಿದ್ರೆ ನಿಮ್ಮ ಜಾಗಕ್ಕೆ ಹಾಗಲಕಾಯಿ ಗೊಜ್ಜು ಮಾಡೋ ವಿಧಾನ ಹಾಕ್ತೀನಿ.”

ಆಗ ಗಂಟೆ ಐದು. ಇಷ್ಟು ವರ್ಷ ಬರೆದು ಹಾಗಲಕಾಯಿಗೆ ಸೋಲುವುದೇ?

ಶಿಕಾರಿಪುರದ ನಮ್ಮ ಮನೆಗೆ ಫೋನ್ ಲೈನಿನಲ್ಲೇ ಇಂಟರ್‌ನೆಟ್ ಬಂದು ತಿಂಗಳಾಯಿತು. ಬಂತು ಎನ್ನುವುದಕ್ಕಿಂತ ಬಂದು ಬಂದು ಹೋಗುತ್ತದೆ ಎನ್ನಬೇಕು. ಮೋಡೆಮ್ ಕಿರ್ರೆಂದು ಕೂಗಿ ಲೈನ್ ಹಿಡಿಯುತ್ತದೆ. ಲೇಖನ ಅರ್ಧ ಹೋಗುವಷ್ಟರಲ್ಲಿ ಕಟ್! (ನಾನು ಟೈಪ್ ಮಾಡಿದ ಕನ್ನಡ, ಪತ್ರಿಕೆಯವರ ಕಂಪ್ಯೂಟರಿನಲ್ಲಿ ಬರೀ ಚೌಕಗಳಾಗಿ ಕಾಣುತ್ತದಂತೆ. ಹಾಗಾಗಿ ಪುಟವನ್ನೇ ಚಿತ್ರ ಮಾಡಿ ಕಳಿಸಬೇಕು. ಚಿತ್ರ ಭಾರ, ಲೈನ್ ಬಡಕಲು.)

ಅವತ್ತು ಆಗಲೇ ಮೂರು ಸಲ ಕಟ್ ಆಗಿತ್ತು. ಶಿರಾಳಕೊಪ್ಪದಿಂದ ಕಂಪ್ಯೂಟರ್ ರಿಪೇರಿಯ ನಾಗರಾಜನನ್ನು ಕರೆಸಿದ್ದೆ. ವೈರು ಬದಲಿಸಿದ. ಮೋಡೆಮ್ ಬಿಚ್ಚಿ ಊದಿದ.

“ಮಷಿನ್ ಸರಿ ಐತ್ರೀ ಸಾರ್. ನಡುವೆ ಯಾರೋ ಫೋನ್ ಎತ್ತತಾರೆ, ಎತ್ತಿದ ಕೂಡ್ಲೇ ಕಟ್ ಆಗ್ತೈತಿ.”

ನಮ್ಮದು ಒಂದೇ ಲೈನು, ಎರಡು ಫೋನು. ಹಾಲ್‌ನಲ್ಲಿ ಕಂಪ್ಯೂಟರಿನ ಹತ್ತಿರ ಒಂದು, ಒಳಕೋಣೆಯಲ್ಲಿ ಒಂದು. ನನ್ನ ಅನುಮಾನ ನೇರ ಪಕ್ಕದ ಮನೆ ಗೌರಮ್ಮನವರ ಮೇಲೆ ಹೋಯಿತು. ಅವರಿಗೆ ನಮ್ಮದೇ ಪಿಪಿ ನಂಬರ್. (ಅಂದರೆ ಫೋನು ನಮ್ಮದು, ಮಾತು ಬೀದಿಯವರದು.) ಆನವಟ್ಟಿಯ ಮಗಳ ಫೋನಿಗಾಗಿ ಹಾಲ್‌ನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು.

“ಗೌರಮ್ಮಾರೇ, ಫೋನೇನಾದ್ರೂ ಎತ್ತಿ ನೋಡಿದ್ರಾ?”

“ರಿಂಗಾಗದ ಫೋನ್ ಎತ್ತಾಕೆ ನನಗೇನ್ ಹುಚ್ಚೇನ್ರೀ?”

ನಾಗರಾಜ ನಾಲ್ಕನೇ ಸಲ ಶುರು ಮಾಡಿದ. ಬೆನ್ನ ಹಿಂದೆ ನನ್ನ ನಿಟ್ಟುಸಿರು ತಾಳಲಾರದೆ “ಒಳಗೆ ಹೋಗಿ ಕೂತ್ಕಳ್ರೀ ಸಾರ್” ಎಂದ.

ಕೂತೆ. ಎರಡು ನಿಮಿಷ. ಮೂರು ನಿಮಿಷ. ಹೋಗುತ್ತಿದೆಯೋ ಇಲ್ಲವೋ? ಲೈನಿಗೆ ಜೀವ ಇದೆಯೋ ಇಲ್ಲವೋ? ತೀರಾ ಮೆತ್ತಗೆ, ಒಳಕೋಣೆಯ ರಿಸೀವರ್ ಎತ್ತಿ ಕಿವಿಗಿಟ್ಟೆ. ಕಿರ್ರ್ ಎನ್ನುತ್ತಿತ್ತು. ಸಮಾಧಾನವಾಯಿತು.

“ಕಟ್!” ಎಂದು ಅರಚಿದ ನಾಗರಾಜ.

ಬಾಗಿಲಲ್ಲಿ ಗೌರಮ್ಮ. “ಬಾರವ್ವಾ, ಕಳ್ಳ ಸಿಕ್ಕ!” ಎಂದು ನನ್ನ ಹೆಂಡತಿಯನ್ನು ಕೂಗಿದರು. “ನಿಮಿಷಕ್ಕೊಂದ್ ಸಲ ಮುಚ್ಚಳ ತೆಗೆದ್ರೆ ಅನ್ನ ಬೇಯ್ತದೇನ್ರೀ?”

ಹೌದು, ಹಿಂದಿನ ಮೂರು ಸಲವೂ ನಾನೇ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ನಡೆಯುತ್ತಿದೆಯೇ ಎಂದು ನೋಡಲು ಹೋಗಿಯೇ ನಾವು ಎಷ್ಟು ಕೆಲಸ ಕೆಡಿಸಿಲ್ಲ! ಮಗಳ ಸಂಬಂಧ ಕುದುರಿತೇ ಎಂದು ದಿನಕ್ಕೆರಡು ಸಲ ಗಂಡಿನ ಮನೆಗೆ ಫೋನ್ ಮಾಡಿ, ಗಂಡಿನವರನ್ನೇ ಓಡಿಸಿದವರನ್ನು ನಾನು ಬಲ್ಲೆ.

ಐದೂ ಮುಕ್ಕಾಲಿಗೆ ಹೆಂಡತಿ ನನ್ನನ್ನು ಜಗಲಿಗೆ ಅಟ್ಟಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಲೇಖನ ಹೋಯಿತು. ಹಿಂದೆಯೇ ಆನವಟ್ಟಿಯ ಫೋನೂ ಬಂತು. ಗೌರಮ್ಮನವರ ಮಾತು ಮುಗಿದದ್ದೇ ತಡ, ಸಂಪಾದಕರಿಗೆ ಫೋನ್ ಹಚ್ಚಿದೆ.

“ಬಂತು ಮಾರಾಯ್ರೇ, ಪೂರ್ತಿ ಬಂತು!”

ಸಂಪಾದಕರ ಮಾತನ್ನು ಎಷ್ಟೆಂದು ನಂಬುವುದು? ಓದುಗರೇ, ಹೋದ ವಾರದ ಲೇಖನದ ಕೊನೆಯ ಸಾಲೂ ನಿಮಗೆ ಸಿಕ್ಕಿತು ತಾನೆ?