ಬ್ರೋಕರ್ ಮಾವ ಎಣಿಸೋ ಗೆರೆ

ನಮ್ಮ ಬೀದಿಯೋರೆಲ್ಲಾ ಬ್ರೋಕರ್ ಮಾವ ಅಂತ ಕರೆಯೋ ಮನೆ ದಲ್ಲಾಳಿಯ ಮೂಗಿನ ವಿಷಯ ಹೇಳಿದ್ರೆ ನೀವು ನಂಬಲ್ಲ, ಆದ್ರೂ ಹೇಳ್ತೀನಿ, ಗೋಡೆ ಮೂಸಿ ನೋಡಿ ಹೋದ ವರ್ಷ ಯಾವ ತಿಂಗಳು ಪೈಪ್ ಸೋರಿತ್ತು ಅಂತ ಹೇಳಿಬಿಡ್ತಾನೆ. ಬಾಡಿಗೆಗೆ ಬಿಡೋಕೆ ಅಂತ ಮನೆ ಕೊಳ್ಳೋರನ್ನ ಮೊದಲು ಮನೆಗೆ ಕರ್ಕೊಂಡು ಹೋಗಲ್ಲ, ಹತ್ತಿರದ ಬಸ್ ಸ್ಟಾಪಲ್ಲಿ ಅರ್ಧ ದಿನ ಕೂರಿಸ್ತಾನೆ. 'ಸ್ವಾಮಿ, ಇಲ್ಲಿ ಇಳಿಯೋರನ್ನ ನೋಡ್ಕೊಳ್ಳಿ, ನಾಳೆ ನಿಮಗೆ ಬಾಡಿಗೆ ಕೊಡೋರು ಇವರೇ' ಅಂತಾನೆ. ಒಬ್ಬನಂತೂ ಕೂತೂ ಕೂತೂ ಗಡ್ಡ ಬಿಟ್ಟ, ಜನ ಬಸ್ಸಿನ ಟೈಮು ಅವನನ್ನೇ ಕೇಳೋಕೆ ಶುರು ಮಾಡಿದ್ರು. ಮನೆ ಒಳಗೆ ಹೋದ್ರೂ ಮಾವ ಟೈಲ್ಸ್ ಕಡೆ ತಿರುಗಿ ನೋಡಲ್ಲ, ಅಡುಗೆಮನೆ ಬಾಗಿಲಲ್ಲಿ ವರ್ಷಕ್ಕೊಂದರಂತೆ ಮಕ್ಕಳ ಎತ್ತರಕ್ಕೆ ಎಳೆದ ಪೆನ್ಸಿಲ್ ಗೆರೆ ಎಣಿಸ್ತಾನೆ. 'ಆರು ಗೆರೆ. ಆರು ವರ್ಷದಿಂದ ಬಾಡಿಗೆದಾರರು ಅಲ್ಲಾಡಿಲ್ಲ, ಕಣ್ಣುಮುಚ್ಚಿ ತಗೊಳ್ಳಿ.' ಮೊನ್ನೆ ಅಂಥ ಮನೆ ನೋಡೋಕೆ ನನ್ನ ಅಳಿಯನ ಜೊತೆ ನಾನೂ ಹೋಗಿದ್ದೆ. 'ಇವರನ್ನ ಬಿಡಿಸಿ ಬಾಡಿಗೆ ಏರಿಸ್ತೀನಿ' ಅಂದ ಅಳಿಯ. ಒಲೆ ಮುಂದಿದ್ದ, ಆ ಮನೇಲಿ ಬಾಡಿಗೆಗಿದ್ದಾಕೆಯ ಸೌಟು ಹಾಗೇ ನಿಂತುಹೋಯ್ತು. 'ಅಳಿಯಂದ್ರೇ, ಈ ಮನೆ ನಿಮಗಾಗಲ್ಲ' ಅಂತ ಬ್ರೋಕರ್ ಮಾವ ಕಮಿಷನ್ನೂ ಬಿಟ್ಟು ಅವನನ್ನ ಮೆಟ್ಟಿಲಿಳಿಸಿದ. ಯಾಕಯ್ಯಾ ಅಂತ ಕೇಳಿದೆ. 'ನಾನು ಬೆಳೆದದ್ದು ಹನ್ನೊಂದು ಬಾಡಿಗೆ ಮನೇಲಿ, ಯಜಮಾನ್ರೇ. ಒಂದೊಂದು ಬಾಗಿಲಲ್ಲೂ ನನ್ನದು ಒಂದೇ ಗೆರೆ' ಅಂದ.